ಗೋಡೆಯ ಹಿಂದಿನ ಹುಲ್ಲು

ಒಂದು ಸೀಸದ ಗುಂಡು ಇನ್ನೊಂದನ್ನು ಎಷ್ಟು ಸೆಳೆಯುತ್ತದೆ ಎಂದು ಅಳೆಯಲು ನನ್ನ ತಂಗಿ ಗುಡೇಕೋಟೆ ಗುಡ್ಡದ ಬುಡದಲ್ಲಿರುವ ನಮ್ಮ ಕಲ್ಲಿನ ಕೋಣೆಯನ್ನು ಆರಿಸಿಕೊಂಡಳು. ದಪ್ಪ ಗೋಡೆ, ಲಾರಿ ಓಡಾಡದ ಜಾಗ. ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆ ಅದರದ್ದೇ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು. ಕೋಣೆಯ ಕಾವಲು ನನಗೆ ಒಪ್ಪಿಸಿದಳು.

ಕೂದಲಿನಂಥ ತಂತಿಗೆ ತೂಗುಬಿಟ್ಟ ಕಡ್ಡಿ, ಕಡ್ಡಿಯ ತುದಿಗಳಲ್ಲಿ ಸಣ್ಣ ಗುಂಡು, ಪಕ್ಕದಲ್ಲಿ ದೊಡ್ಡ ಗುಂಡು. ಕಡ್ಡಿ ಎಳ್ಳಷ್ಟು ತಿರುಗಿದರೂ ಅದಕ್ಕಂಟಿಸಿದ ಕನ್ನಡಿಯಿಂದ ಗೋಡೆಗೆ ಬಿದ್ದ ಬೆಳಕಿನ ಕೆಂಪು ಚುಕ್ಕಿ ಸರಿಯುತ್ತಿತ್ತು. ಬೆಳಿಗ್ಗೆ ದೊಡ್ಡ ಗುಂಡುಗಳನ್ನು ಒಂದು ಬದಿಗೆ ಇಡುತ್ತಿದ್ದಳು. ಸಂಜೆ ಇನ್ನೊಂದು ಬದಿಗೆ ಸರಿಸಿ ಊರೊಳಗಿನ ಮನೆಗೆ ಹೋಗುತ್ತಿದ್ದಳು. ಚುಕ್ಕಿಯ ಫೋಟೊವನ್ನು ಕ್ಯಾಮೆರಾ ತಾನೇ ತೆಗೆಯುತ್ತಿತ್ತು.

“ಹತ್ರ ಬರಬ್ಯಾಡ ಯಣ್ಣಾ, ನಿನ್ನ ಹೊಟ್ಟಿನೂ ಗುಂಡನ್ನ ಎಳೀತೈತಿ,” ಎಂದು ನಕ್ಕಳು. “ಗ್ವಾಡಿ ಹಿಂದ ಕುರಿನೂ ತರಬ್ಯಾಡ.”

“ಆತು ಬಿಡವ್ವ,” ಅಂದೆ.

ಆ ವಾರವೇ ತೋಳ ಎರಡು ಮರಿಗಳನ್ನು ಒಯ್ದಿತು. ಕೋಣೆಯ ಹಿಂಗೋಡೆಗೂ ಬಂಡೆಗೂ ನಡುವೆ ಬಲೆ ಕಟ್ಟಿದರೆ ತೋಳಕ್ಕೆ ದಾರಿಯಿಲ್ಲ. ಅವಳು ಹೋದ ಮೇಲೆ ಹಿಂಡನ್ನು ರಾತ್ರಿಯಿಡೀ ಅಲ್ಲಿ ತರುಬಿ ನಿಲ್ಲಿಸಿದೆ. ಬೆಳಿಗ್ಗೆ ಅವಳು ಬರುವ ಮುಂಚೆ ಬಲೆ ಬಿಚ್ಚಿ ಹಿಕ್ಕೆ ಗುಡಿಸಿದೆ. ಬೇಸಿಗೆ ಪೂರ್ತಿ ಹಾಗೇ ನಡೆಸಿದೆ.

ಅವಳ ಅಂಕಿ ಪ್ರತಿಸಲ ಒಂದೇ ಕಡೆಗೆ ತಪ್ಪುತ್ತಿತ್ತು. ಗೋಡೆ ಬಿಸಿಲಿಗೆ ಕಾಯುತ್ತದೆಂದು ಚಾವಣಿಗೆ ಹುಲ್ಲು ಹೊದಿಸಿದಳು. ಗಾಳಿಯಿರಬೇಕೆಂದು ಗಾಜಿನ ಪೆಟ್ಟಿಗೆ ಮುಚ್ಚಿದಳು. ತಂತಿ ಸೋತಿದೆಯೆಂದು ಹೊಸದು ಕಟ್ಟಿದಳು. ಕೊನೆಗೆ ಊಟ ಬಿಟ್ಟು ಕೂತಳು. ಅಂಕಿ ಸರಿಬರದಿದ್ದರೆ ಐದು ವರ್ಷದ ಓದು ನೀರುಪಾಲು.

“ಗ್ವಾಡಿ ಹಿಂದ ಏನರ ಇತ್ತೇನು ಯಣ್ಣಾ?”

“ಏನೂ ಇಲ್ಲವ್ವ.”

ಮೊದಲ ಮಳೆ ಬಿತ್ತು. ಸುತ್ತ ಬರೀ ಕೆಂಪು ನೆಲ; ಗೋಡೆಯ ಹಿಂದೆ ಮಾತ್ರ, ನಾನು ಬಲೆ ಕಟ್ಟಿದ್ದ ಅಳತೆಗೇ, ಕುರಿಯ ಗಂಜಲ ಕುಡಿದ ನೆಲದಲ್ಲಿ ಹುಲ್ಲು ದಟ್ಟವಾಗಿ ಎದ್ದಿತ್ತು. ಕಿತ್ತೆ. ಮತ್ತೆ ಚಿಗುರಿತು. ನಾನು ನೋಡದಿದ್ದಾಗಲೂ ಅದು ಬೆಳೆಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ಆ ಹುಲ್ಲಿನಲ್ಲಿ ಟೇಪು ಹಿಡಿದು ನಿಂತಿದ್ದಳು. ಬೈಯಲಿಲ್ಲ.

“ಎಷ್ಟು ಕುರಿ ಇದ್ದುವು? ಅವುಗಳ ಎಳೆತ ಕಳದ್ರ ಅಂಕಿ ಇನ್ನೂ ಸರಿ ಆಗ್ತೈತಿ.”

“ನೂರಾ ಇಪ್ಪತ್ತು.”

ಬರೆದುಕೊಂಡು ಬಸ್ಸು ಹತ್ತಿದಳು.

ಹಿಂಡಿನ ನಿಜವಾದ ಎಣಿಕೆಯನ್ನು ನಾವು ಹೊರಗಿನವರಿಗೆ ಹೇಳುವುದಿಲ್ಲ. ಕಣ್ಣು ಬಿದ್ದರೆ ಹಿಂಡು ಕರಗುತ್ತದೆ. ಸಂತೆಯಲ್ಲಿ ಕೇಳಿದವರಿಗೆ ಹೇಳುವ ಅಂಕಿಯನ್ನೇ ಒಡಹುಟ್ಟಿದವಳಿಗೂ ಹೇಳಿದ್ದೆ. ಇದ್ದದ್ದು ನೂರಾ ಅರವತ್ತೆಂಟು.

ಮೊನ್ನೆ ಫೋನ್ ಮಾಡಿದ್ದಳು. ಕುರಿಗಳನ್ನು ಕಳೆದರೂ ಅಂಕಿ ಅದೇ ಕಡೆಗೆ ಸ್ವಲ್ಪ ತಪ್ಪಿಯೇ ಇದೆಯಂತೆ.

“ಉಳದದ್ದು ನನ್ನ ಕೈ ತಪ್ಪು ಅಂತ ಬರದು ಕೊಟ್ಟೀನಿ ಯಣ್ಣಾ.”

“ಹೌದೇನವ್ವ,” ಅಂದೆ.