ಬಸವನ ಮಂಡಿ ಕಂಡ ದಿನ

ಅಜ್ಜಂಪುರದ ಕಡೆಯ ಒಂದು ಊರು ನನ್ನ ಹೆಂಡತಿಯ ತವರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೊಂದು ಮರ್ಯಾದೆ ಕೊಟ್ಟ ಹಾಗಾಗುತ್ತದೆ. ಆ ಊರಿನ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆಯನ್ನು ಒಂದು ವರ್ಷ ನಾನು ಹರಾಜಿನಲ್ಲಿ ಕೂಗಿ ಹಿಡಿದೆ. ತರೀಕೆರೆಯಲ್ಲಿ ನನ್ನದೊಂದು ಸಣ್ಣ ಮೀನಿನಂಗಡಿ. ಬೇರೆಯವರು ಹಿಡಿದದ್ದನ್ನು ಮಾರಿ ಮಾರಿ ಸಾಕಾಗಿತ್ತು. ನಮ್ಮದೇ ಅಂತ ಒಂದು ಕೆರೆ ಮೀನು ಇರಲಿ ಎಂದು ಆಸೆ. ಕೈಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಹಾಕಿದೆವು. ಹೆಂಡತಿಯ ಚಿನ್ನದ ಬಳೆಯೂ ಅಡವಿಗೆ ಹೋಯಿತು. ಮೀನು ಮಾರಿ ಬಿಡಿಸಿಕೊಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಹರಾಜು ಮುಗಿದ ಕೂಡಲೇ ಊರಿನವರು ನನ್ನನ್ನು ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು ಕಾನೂನು ಹೇಳತೊಡಗಿದರು. ಸೋಮವಾರ ಬಲೆ ಬಿಡಬಾರದು. ಮೊದಲ ಮಳೆಗೆ ಮೊಟ್ಟೆ ತುಂಬಿದ ಮೀನು ಹಳ್ಳ ಹತ್ತುವಾಗ ಮುಟ್ಟಬಾರದು. ಮನೆ ಸಾರಿಗೆ ಅಂತ ಯಾರು ಗಾಳ ಹಾಕಿದರೂ ಕೇಳಬಾರದು. ನನ್ನ ಗುತ್ತಿಗೆ ಕಾಗದದಲ್ಲಿ ಇವು ಒಂದೂ ಇರಲಿಲ್ಲ. ಆದರೂ ಮಾವನ ಮನೆ ಊರು ತಾನೇ ಎಂದು ಹೂಂ ಹೂಂ ಎಂದೆ. ಕೊನೆಗೆ ಇನ್ನೊಂದು ಕಾನೂನು ಹೇಳಿದವನು ನನ್ನ ಬಾಮೈದ, ಹೆಂಡತಿಯ ತಮ್ಮ. ಆ ಕೆರೆಯ ನೀರುಗಂಟಿ ಅವನೇ. ತೂಬು ಎತ್ತುವುದು, ಇಳಿಸುವುದು, ಯಾವ ತೋಟಕ್ಕೆ ಎಷ್ಟು ನೀರು ಅನ್ನುವುದು ಎಲ್ಲ ಅವನ ಕೈಯಲ್ಲಿ.

"ಭಾವ, ತೂಬಿನ ಪಕ್ಕ ಕಲ್ಲಿನ ಬಸವ ಐತಲ್ಲ, ನೀರಿಳಿದು ಅವನ ಮಂಡಿ ಕಾಣಿಸ್ತು ಅಂದ್ರೆ ಅಲ್ಲಿಂದಾಚೆಗೆ ಮೀನು ಊರಿಂದು. ಗುತ್ತಿಗೆದಾರ ನೀರಿಗೆ ಕಾಲಿಡಂಗಿಲ್ಲ."

"ಬಸವನಿಗೂ ಮೀನಿಗೂ ಏನೋ ಸಂಬಂಧ? ಅವನೇನು ಮೀನು ತಿಂತಾನೇನೋ?" ಎಂದೆ.

ಎಲ್ಲರೂ ನಕ್ಕರು. ಬಾಮೈದ ನಗಲಿಲ್ಲ.

ಮಳೆ ಹಿಡಿದು ಕೆರೆ ತುಂಬಿದ ಮೇಲೆ ಲಕ್ಕವಳ್ಳಿ ಕಡೆಯಿಂದ ಕಾಟ್ಲಾ, ರೋಹು ಮರಿ ತಂದೆವು. ಗೂಡ್ಸ್ ಆಟೋ ಕುಲುಕಾಟಕ್ಕೆ ಮರಿ ತುಂಬಿದ ಪ್ಲಾಸ್ಟಿಕ್ ಚೀಲ ಎಲ್ಲಿ ಒಡೆಯುತ್ತದೋ ಎಂದು ಹೆಂಡತಿ ಒಂದನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದಳು. ಆಮೇಲೂ ವಾರ ವಾರ ಬಸ್ಸು ಹತ್ತಿ ಹೋಗಿ, ಕೆರೆಯ ಹುಣಸೆಮರದ ಮೂಲೆಯಲ್ಲಿ ತೌಡು, ಕಡಲೆಕಾಯಿ ಹಿಂಡಿ ಹಾಕಿ ಬರುತ್ತಿದ್ದಳು. "ಅಲ್ಲಿ ಹೋಗಿ ನಿಂತ್ರೆ ಸಾಕು, ಬಂದ್ಬಿಡ್ತಾವೆ ಕಣ್ರೀ" ಎನ್ನುತ್ತಿದ್ದಳು. ಊರಿನವರು ಒಂದು ಹಿಡಿ ತೌಡು ಹಾಕಿದ್ದನ್ನು ನಾನಂತೂ ನೋಡಲಿಲ್ಲ. ಗಾಳ ಮಾತ್ರ ದಿನಾ ಬೀಳುತ್ತಿತ್ತು. ಕೇಳಿದರೆ ಮನೆ ಸಾರಿಗಂತೆ. ಒಂದು ಮನೆಗೆ ಎಷ್ಟು ಸಾರು ಬೇಕು ಸ್ವಾಮಿ?

ಬೇಸಿಗೆ ಬಂತು. ಭದ್ರಾ ಹಿನ್ನೀರಿನ ಬಲೆಯವರಿಗೆ ಮೊದಲೇ ಹೇಳಿದ್ದೆ. ಅಲ್ಲಿ ಚೆನ್ನಾಗಿ ಮೀನು ಬೀಳುತ್ತಿದ್ದುದರಿಂದ ಅವರು ಇವತ್ತು ಬರ್ತೀವಿ, ನಾಳೆ ಬರ್ತೀವಿ ಎಂದು ತಳ್ಳುತ್ತ ಬಂದರು. ಇತ್ತ ತೋಟಗಳಿಗೆ ನೀರು ಹರಿಯುತ್ತಲೇ ಇತ್ತು. ಮೊದಲು ಬಸವನ ಕೊಂಬು ಕಂಡಿತು, ಆಮೇಲೆ ಕುತ್ತಿಗೆಯ ಗೆಜ್ಜೆಸರ. ಸರ ಕಂಡ ದಿನ ನನಗೆ ಅನ್ನ ಸೇರಲಿಲ್ಲ. ನೆಟ್ಟಗೆ ಬಾಮೈದನ ಮನೆಗೆ ಹೋದೆ.

"ನಾಲ್ಕು ದಿನ ತೂಬು ಇಳಿಸೋ. ಬಲೆಯವ್ರು ಬಂದೇ ಬರ್ತಾರೆ."

"ಆಗಲ್ಲ ಭಾವ. ತೋಟದೋರ ಸರದಿ ನಡೀತಾ ಐತೆ. ನಿಮಗೋಸ್ಕರ ನಿಲ್ಲಿಸಿದ್ರೆ ನಾಳೆ ನಾನು ಊರಲ್ಲಿ ಮುಖ ಎತ್ಕಂಡು ತಿರುಗಂಗಿಲ್ಲ."

"ನಿಮ್ಮಕ್ಕನ ಬಳೆ ಐತೆ ಕಣೋ ಆ ನೀರಲ್ಲಿ!"

ಅವನು ತಲೆ ತಗ್ಗಿಸಿಕೊಂಡು ನಿಂತ. ತೂಬು ಮಾತ್ರ ಇಳಿಸಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಮ್ಮ ಮನೆಯವನೇ ಆಗಿದ್ದ.

ಬಲೆಯವರು ಕೊನೆಗೂ ಬಂದರು. ಬಂದದ್ದು ಮಂಡಿ ಕಂಡ ದಿನವೇ. ನಾನೂ ಹೆಂಡತಿಯೂ ಅವರ ಜೊತೆ ಕೆರೆ ಏರಿ ಹತ್ತಿ ನೋಡಿದರೆ ಊರಿಗೆ ಊರೇ ಅಲ್ಲಿತ್ತು. ಕೆಲವರ ಕೈಯಲ್ಲಿ ಮಂಕರಿ, ಕೆಲವರ ಕೈಯಲ್ಲಿ ಸೊಳ್ಳೆಪರದೆ, ಹಳೇ ಸೀರೆ. ನಾನು ಗುತ್ತಿಗೆ ಕಾಗದ ತೆಗೆದು ಎಲ್ಲರ ಮುಖಕ್ಕೂ ಹಿಡಿದೆ.

"ಒಳಗಿಟ್ಕಳಿ, ನೆನೆದೋಯ್ತದೆ" ಎಂದಳು ಒಬ್ಬ ಮುದುಕಿ. "ನಿಮ್ಮ ಮೀನು ಯಾರು ಹಿಡೀತಾರೆ? ನಾವು ಕೆರೆ ಮೀನು ಹಿಡೀತೀವಿ."

ಅಳಿಯ ಅಲ್ಲ, ಮಗಳ ಗಂಡ! ನನ್ನ ಮೈಯೆಲ್ಲ ಉರಿಯಿತು. ಕಳ್ಳ ನನ್ಮಕ್ಳಾ ಎಂದು ಬಾಯಿಗೆ ಬಂದ ಹಾಗೆ ಬೈದೆ. ಠಾಣೆಗೆ ಹೋಗ್ತೀನಿ ಎಂದೆ.

"ಹೋಗ್ಬನ್ನಿ ಭಾವ. ಬರೋ ಹೊತ್ತಿಗೆ ಸಾರು ಆಗಿರ್ತದೆ" ಎಂದ ಬಾಮೈದ.

ಜನ ನೋಡಿ ಬಲೆಯವರು ಬಲೆ ಸುತ್ತಿಕೊಂಡರು. ಊರಿನವರು ಹೋ ಎಂದು ನೀರಿಗಿಳಿದರು. ನಾನೂ ನುಗ್ಗಿದೆ, ಬಾಮೈದ ಎರಡೂ ಕೈ ಅಡ್ಡ ಹಿಡಿದ. ಅವನ ಎದೆಗೆ ಕೈ ಹಾಕಿ ತಳ್ಳಿದೆ. ಅವನು ಅಲುಗಲಿಲ್ಲ, ತಿರುಗಿ ಹೊಡೆಯಲೂ ಇಲ್ಲ. ಹೊಡೆದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿದಳು. ಆ ಮುದುಕಿಯ ಕೈಯಿಂದ ಮಂಕರಿ ಕಿತ್ತುಕೊಂಡಳು.

"ಎಲ್ಲಿಗೇ?" ಎಂದೆ.

"ನಾನು ಈ ಊರ ಮಗಳು. ಕೊಟ್ಟ ಹೆಣ್ಣಿಗೂ ಹಕ್ಕೈತೆ. ಯಾವನು ತಡೀತಾನೋ ತಡೀಲಿ."

ಯಾರೂ ತಡೆಯಲಿಲ್ಲ. ಎಲ್ಲರೂ ನಡುಗೆರೆಯಲ್ಲಿ ಕೆಸರು ಕಲಕುತ್ತಿದ್ದರೆ ಅವಳು ಹುಣಸೆಮರದ ಮೂಲೆಗೆ ಹೋಗಿ ಸದ್ದಿಲ್ಲದೆ ನಿಂತಳು. ಗಲಾಟೆಗೆ ಹೆದರಿದ ಮೀನುಗಳು ತಾವು ತಿಂದುಂಡ ಜಾಗಕ್ಕೇ ಓಡಿ ಬಂದವು. ಅವಳ ಕಾಲ ಸುತ್ತಲೇ ಬಂದವು, ಪಾಪದವು. ಅವಳು ಅಳುತ್ತ ಅಳುತ್ತಲೇ ಮಂಕರಿ ತುಂಬಿದಳು. ನಾನು ಏರಿಯ ಮೇಲೆ ನಿಂತು ನೋಡಿದೆ. ನನ್ನ ದುಡಿಮೆಯ ಮೀನು, ನಾನು ಮುಟ್ಟುವ ಹಾಗಿಲ್ಲ.

ಅವಳು ಮಂಕರಿ ತಂದಿಟ್ಟಾಗ ಜೀವ ಬಂದಂತಾಯಿತು. "ತಗೋ, ಇಷ್ಟಾದ್ರೂ ಉಳೀತು. ಅಂಗಡಿಗೆ ಸಾಗಿಸೋಣ ನಡಿ" ಎಂದೆ.

"ಮಾರಂಗಿಲ್ಲ ಭಾವ" ಎಂದ ಬಾಮೈದ. "ಮಂಡಿ ಕಂಡ ಮೇಲಿನ ಮೀನು ಒಲೆಗೆ ಮಾತ್ರ."

ಇದನ್ನು ಹರಾಜಿನ ದಿನ ಯಾವನೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿ ಈಗಲಾದರೂ ತಮ್ಮನ ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, "ಹೌದು ರೀ, ಮಾರಂಗಿಲ್ಲ" ಎಂದಳು. ಅವಳಿಗೆ ಮೊದಲೇ ಗೊತ್ತಿತ್ತು. ಎಲ್ಲ ಗೊತ್ತಿದ್ದೇ ನೀರಿಗಿಳಿದಿದ್ದಳು.

ನಾನು ಯಾರ ಮನೆಯ ನೀರೂ ಮುಟ್ಟದೆ ಬಸ್ಸಿನ ದಾರಿಗೆ ಬಂದು ಕೂತೆ. ಸಂಜೆಯ ಬಸ್ಸು ಬರುವ ಹೊತ್ತಿಗೆ ಅವಳೂ ಬಂದಳು, ಬಟ್ಟೆಯಲ್ಲಿ ಬಾಯಿ ಕಟ್ಟಿದ ಮೀನು ಸಾರಿನ ಪಾತ್ರೆಯ ಜೊತೆ. ತರೀಕೆರೆವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು, ಅವತ್ತು ಮರಿಗಳ ಚೀಲ ಇಟ್ಟುಕೊಂಡ ಹಾಗೆ. ಮನೆಗೆ ಬಂದು ಮುದ್ದೆ ತಿರುವಿ ತಟ್ಟೆ ಹಾಕಿದಳು.

"ನಂಗೆ ಬೇಡ. ಆ ಊರಿನ ಮೀನು ನಾನು ತಿನ್ನಲ್ಲ."

"ಊರಿಂದಲ್ಲ, ನಂದು. ಆ ಊರಲ್ಲಿ ನಿಮ್ಗೆ ನೀರೂ ಇಲ್ಲ, ಮೀನೂ ಇಲ್ಲ. ಇರೋಳು ನಾನೊಬ್ಳು. ನಾನೂ ಬೇಡ್ವಾ?"

ಬರೀ ಗಾಜಿನ ಬಳೆಯಿದ್ದ ಕೈಯಲ್ಲಿ ಅವಳು ಸಾರು ಬಡಿಸಿದಳು. ತಿಂದೆ. ಎರಡನೇ ಸಲವೂ ಹಾಕಿಸಿಕೊಂಡೆ. ಬಹಳ ರುಚಿಯಾಗಿತ್ತು. ಆ ಊರನ್ನು ನಾನು ಇವತ್ತಿಗೂ ಕ್ಷಮಿಸದೆ ಇರುವುದು ಅದಕ್ಕೇ.