ಬ್ರೇಕಿಲ್ಲದ ಒಂದು ಸುತ್ತು

ನನ್ನ ತಂಗಿಯನ್ನು ಊರಿನ ಅರ್ಧ ಜನ ‘ಬ್ರೇಕ್ ಟೀಚರ್’ ಎಂದೇ ಕರೆಯುತ್ತಾರೆ. ಉಳಿದರ್ಧ ಜನ ಬಸ್ಸಿನಲ್ಲಿ ಓಡಾಡುವವರು, ಅವರ ಮಾತು ಬಿಡಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟೇ ಅವಳ ಆಫೀಸು. ಸ್ಟೀರಿಂಗು ಅವರ ಕೈಯಲ್ಲಿ, ಆಕ್ಸಿಲರೇಟರು ಅವರ ಕಾಲಡಿಯಲ್ಲಿ. ಇವಳ ಕಡೆ ಇದ್ದದ್ದು ಬ್ರೇಕು, ಕ್ಲಚ್ಚು ಎರಡೇ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥ ಆ ಬಂಡಿಯಲ್ಲಿ ತಲೆ ನೆರೆಯುವವರೆಗೂ ಕೂತಳು, ಒಬ್ಬರ ಮೈಗೂ ಗೀರು ಬೀಳದಂತೆ ನೋಡಿಕೊಂಡಳು. ಸಂಜೆಯಾದರೆ ಮಾಲೀಕ ಕಾರನ್ನು ತನ್ನ ಮನೆಗೆ ಒಯ್ಯುತ್ತಿದ್ದ, ಇವಳು ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು.

ಹೋದ ವರ್ಷ ಸ್ಕೂಲು ಮುಚ್ಚಿತು. ಅಂದಿನಿಂದ ಇವಳು ಸೋಫಾದ ಮೂಲೆ ಹಿಡಿದಳು. ಮಾತಿಲ್ಲ, ಕತೆಯಿಲ್ಲ. ಟೀವಿಯಲ್ಲಿ ಕಾರೊಂದು ಜೋರಾಗಿ ಬಂದರೆ ಮಾತ್ರ ಕಾಲು ನೆಲ ಒತ್ತುತ್ತಿತ್ತು. “ಏ, ಟೈಲ್ಸ್ ತೂತು ಮಾಡ್ತೀಯೇನೇ?” ಎಂದು ರೇಗಿಸಿದರೂ ನಗಲಿಲ್ಲ. 

ನಮ್ಮ ಅಳಿಯಂದಿರು ಕಾರು ಕಲಿತದ್ದು ಇವಳ ಹತ್ತಿರವೇ. ಒಂದು ಭಾನುವಾರ ಮಗಳನ್ನೂ ಕರೆದುಕೊಂಡು, ಕೈತುಂಬ ಪೆಟ್ಟಿಗೆಗಳನ್ನು ಹೊತ್ತು ಬಂದರು. “ಅತ್ತೆ, ಇನ್ಮೇಲೆ ಸಿನಿಮಾ, ಹಾಡು, ನಿಮ್ಮ ಧಾರಾವಾಹಿ, ಗೇಮು, ಎಲ್ಲಾ ಇದೇ ಟೀವೀಲಿ.” ಸರಿ, ಹಚ್ಚಿದರು. ಇಂಟರ್ನೆಟ್ಟಿನ ರೂಟರ್ ಮಲಗುವ ಕೋಣೆಯಲ್ಲಿ, ಟೀವಿ ಹಜಾರದಲ್ಲಿ, ಅಷ್ಟು ದೂರ ಸಿಗ್ನಲ್ಲು ಸರಿಯಾಗಿ ಬರಲಿಲ್ಲ. ನನ್ನ ಧಾರಾವಾಹಿಯ ಸೊಸೆ ತೆರೆದ ಬಾಯಿ ತೆರೆದೇ ನಿಂತುಬಿಟ್ಟಳು, ಅವಳ ಮೂಗಿನ ಮೇಲೊಂದು ಚಕ್ರ ಗಿರಗಿರ ತಿರುಗತೊಡಗಿತು. ಕೊನೆಗೆ ಗೋಡೆಯಂಚಿಗೆ ಉದ್ದಕ್ಕೂ ವೈರು ಎಳೆದು ಟೀವಿಯವರೆಗೆ ತಂದ ಮೇಲೆ ಆ ಸೊಸೆಗೂ ಜೀವ ಬಂತು, ನನಗೂ ಬಂತು.

ಆಮೇಲೆ ದೊಡ್ಡ ಪೆಟ್ಟಿಗೆ ಬಿಚ್ಚಿದರು. ಒಳಗೊಂದು ಸ್ಟೀರಿಂಗು, ಒಂದು ಹಲಗೆಯ ಮೇಲೆ ಮೂರು ಪೆಡಲ್ಲು. ಸ್ಟೀರಿಂಗನ್ನು ಊಟದ ಮೇಜಿನ ಅಂಚಿಗೆ ಬಿಗಿದು, ಪೆಡಲ್ಲನ್ನು ಮೇಜಿನ ಕೆಳಗಿಟ್ಟರು. “ಬನ್ನಿ ಟೀಚರ್, ಇವತ್ತು ನೀವೇ ಡ್ರೈವರ್ರು!”

ಟೀವಿಯಲ್ಲಿ ಕಾರ್ ರೇಸಿನ ಆಟ ಹಚ್ಚಿದರು, ತಂಗಿ ಕೂತಳು. ಮೊದಲ ತಿರುವಿಗೇ ಬ್ರೇಕು ಒತ್ತಿದ ರಭಸಕ್ಕೆ ಪೆಡಲ್ಲಿನ ಹಲಗೆ ಸರ್ರನೆ ಜಾರಿ ಟೀವಿಯ ಬುಡಕ್ಕೆ ಹೋಯಿತು. “ನೆಲ ನುಣುಪು,” ಎಂದಳು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದೆ ನಾನು. ಹಲಗೆಯ ಕೆಳಗೆ ಮ್ಯಾಟ್ ಹಾಕಿದರೆ ಮ್ಯಾಟ್ ಸಮೇತ ಹೋಯಿತು, ಟೇಪು ಅಂಟಿಸಿದರೆ ಕಿತ್ತುಬಂತು. ಕೊನೆಗೆ ಸಿಕ್ಕವಳು ನಾನು! ಮೇಜಿನ ಆಚೆ ಟೀವಿಗೆ ಬೆನ್ನು ಹಾಕಿ ಕುಳ್ಳ ಸ್ಟೂಲಿನ ಮೇಲೆ ಕೂತು, ಒಂದು ಪಾದವನ್ನು ಹಲಗೆಯ ಹಿಂದೆ, ಇನ್ನೊಂದನ್ನು ಅದರ ಪಕ್ಕಕ್ಕೆ ಕೊಟ್ಟು ತಡೆಯಬೇಕು. ಆಟ ನನಗೆ ಕಾಣಿಸುತ್ತಿರಲಿಲ್ಲ. ಕಾಣಿಸುತ್ತಿದ್ದದ್ದು ತಂಗಿಯ ಮುಖ, ಪಾದಕ್ಕೆ ತಿಳಿಯುತ್ತಿದ್ದದ್ದು ಅವಳ ಬ್ರೇಕು.

ಭಾನುವಾರ ಬಂದರೆ ರೇಸು, ಆಟದ ರಿಮೋಟು ಹಿಡಿದ ಅಳಿಯಂದಿರೇ ಎದುರಾಳಿ, ಪ್ರತಿ ರೇಸಿನಲ್ಲೂ ಇವಳೇ ಕೊನೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ತಿರುವು ಕಂಡರೆ ಬ್ರೇಕು, ರಸ್ತೆ ಪಕ್ಕದಲ್ಲಿ ನಿಂತು ನೋಡುವ ಜನ ಕಂಡರೂ ಬ್ರೇಕು.

“ಟೀಚರ್, ಅವರೆಲ್ಲ ಬರೀ ಚಿತ್ರ!” ಎಂದು ಅಳಿಯಂದಿರು ತಲೆ ಚಚ್ಚಿಕೊಂಡರು.

“ಕಾರು ಕಲಿಯೋವಾಗ ಲೈಟುಕಂಬಾನೂ ಚಿತ್ರ ಅಂದ್ಕೊಂಡಿದ್ರಿ ನೀವು. ನಾನು ಬ್ರೇಕ್ ಒತ್ತಿದ್ದಕ್ಕೆ ಇವತ್ತು ಅಳಿಯ ಆಗಿದ್ದೀರಿ,” ಎಂದಳು ಇವಳು. ಮಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ತಂಗಿಯೂ ನಕ್ಕಳು, ಎಷ್ಟೋ ತಿಂಗಳ ಮೇಲೆ.

ಮರುದಿನ ಬಟ್ಟೆ ಮಡಚುತ್ತ ಅವಳಾಗಿಯೇ ಬಾಯಿಬಿಟ್ಟಳು. “ಅಕ್ಕ, ಗೆಲ್ಲೋದೆಲ್ಲ ಬೇಡ. ಒಂದೇ ಒಂದು ಸುತ್ತು ಬ್ರೇಕ್ ಒತ್ತದೆ ಹೋಗ್ಬೇಕು. ಇಷ್ಟು ವರ್ಷ ಬೇರೆಯವರ ಭಯಾನೆಲ್ಲ ನನ್ನ ಕಾಲಲ್ಲೇ ಇಟ್ಕೊಂಡಿದ್ದೆ. ಆ ಕಾಲು ಈಗ ನನ್ನ ಮಾತೇ ಕೇಳಲ್ಲ.”

ಅವಳ ಕಾಲಿನ ಕಡೆ ನೋಡಿ ಮರುಗಿದೆ. ಹಾಗಂತ ತೋರಿಸಿಕೊಳ್ಳುವವಳೇ ನಾನು? “ಓಹೋ, ಭಾರೀ ಆಸೆ ನಿಂದು! ಮೊದಲು ಆ ದಿಂಬಿನ ಕವರ್ ನೆಟ್ಟಗೆ ಮಡಚು,” ಎಂದೆ.

ಮುಂದಿನ ಭಾನುವಾರ ರೇಸು ಶುರುವಾಯಿತು. ಅವಳ ಹುಬ್ಬು ಗಂಟಾದದ್ದು ಕಂಡಿತು. ತಿರುವು ಬಂತು ಅಂದುಕೊಂಡು ಪಾದ ಬಿಗಿ ಮಾಡಿದೆ. ಹಲಗೆ ಅಲುಗಲಿಲ್ಲ! ಅದರ ಬದಲು, ಪಕ್ಕಕ್ಕೆ ಕೊಟ್ಟಿದ್ದ ನನ್ನ ಪಾದದ ಮೇಲೆ ದೊಪ್ಪನೆ ಏನೋ ಬಿತ್ತು. ಅವಳ ಬ್ರೇಕಿನ ಕಾಲು. ತಿರುವು ಬಂದಾಗಲೆಲ್ಲ ಅದು ನನ್ನ ಬೆರಳುಗಳನ್ನೇ ಅಮುಕುತ್ತಿತ್ತು. ಇರುವೆ ಕಚ್ಚಿದರೂ ಬೀದಿಯವರನ್ನೆಲ್ಲ ಕರೆಯುವವಳು ನಾನು. ಅವತ್ತು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಕೊಡು, ಎಷ್ಟು ಭಯವಿದ್ದರೂ ಇತ್ತ ಕೊಡು ಎಂದುಕೊಂಡು ಹಲ್ಲು ಕಚ್ಚಿ ಕೂತೆ. ಎದುರಿಗೆ ಅವಳ ಕಣ್ಣು ಅಗಲವಾಗುತ್ತ ಹೋಯಿತು, ಬಾಯಿ ತೆರೆಯಿತು. “ಹೋ… ಹೋ ಅಕ್ಕಾ!” ಎಂದು ಕೂಗಿದಳು.

“ಅಯ್ಯೋ, ಇವರು ಲೈಟುಕಂಬಕ್ಕೆ ಗುದ್ದಿದ್ರು! ಚಿಕ್ಕಮ್ಮ ಮುಂದೆ ಹೋದ್ರು!” ಮಗಳು ಸೋಫಾದ ಮೇಲೆ ಹತ್ತಿ ಕುಣಿದಳು. ಆಟದಲ್ಲೂ ಕಂಬವನ್ನು ಹುಡುಕಿಕೊಂಡು ಹೋಗುವುದು ನಮ್ಮ ಅಳಿಯಂದಿರಿಗೆ ಮಾತ್ರ ಸಾಧ್ಯ.

ಸುತ್ತು ಮುಗಿಯಿತು. “ಟೀಚರ್, ಒಂದ್ಸಲಾನೂ ಬ್ರೇಕ್ ಒತ್ತಲಿಲ್ವಾ?” ಎಂದರು ಅಳಿಯಂದಿರು, ನಂಬಲಾಗದೆ.

ತಂಗಿ ನನ್ನ ಮುಖ ನೋಡಿದಳು. ನಾನು ಕೆಂಪಾದ ಪಾದವನ್ನು ಸ್ಟೂಲಿನ ಕೆಳಗೆ ಎಳೆದುಕೊಂಡೆ. “ಒಂದ್ಸಲಾನೂ ಇಲ್ಲ. ನಾನೇ ಸಾಕ್ಷಿ.”

“ಅಕ್ಕ, ತುಂಬಾ ನೋವಾಯ್ತಾ?” ಎಂದು ಮೆಲ್ಲಗೆ ಕೇಳಿದಳು. ಅವಳ ಕಣ್ಣು ತುಂಬಿತ್ತು, ಮುಖದ ತುಂಬ ನಗುವಿತ್ತು.

“ಬಾಯ್ಮುಚ್ಕೊಂಡು ಇನ್ನೊಂದು ಸುತ್ತು ಓಡ್ಸೇ,” ಎಂದೆ, ಪಾದವನ್ನು ಮತ್ತೆ ಅಲ್ಲಿಗೇ ಚಾಚಿದೆ.