ಮಾಸ್ತರರ ಮೆಥಿಯೋನಿನ್ ಪಥ್ಯ

2023ರ ಆಗಸ್ಟ್‌ನಲ್ಲಿ ದೇವದುರ್ಗದ ಹುಲಿಗೆಮ್ಮ ಎಂಬ ಅರವತ್ತೆರಡು ವರ್ಷದ ಮಹಿಳೆ ಬಚ್ಚಲಲ್ಲಿ ಜಾರಿ ಬಿದ್ದು ಎಡ ತೊಡೆಯ ಮೂಳೆ ಮುರಿದುಕೊಂಡರು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ವಾರಗಳು ಕಳೆದರೂ ಗಾಯ ಕೂಡಲಿಲ್ಲ. ನಾನು ಅಲ್ಲಿ ಡಯಟೀಷಿಯನ್ ಆಗಿದ್ದೆ. ರೋಗಿಗಳ ಆಹಾರ ನಿರ್ಧರಿಸುವುದು ನನ್ನ ಕೆಲಸ. ಜೊತೆಗಿದ್ದ ಇನ್ನೊಬ್ಬ ಡಯಟೀಷಿಯನ್ ಮಾನ್ವಿಗೆ ವರ್ಗವಾಗಿ ತಿಂಗಳುಗಳಾಗಿದ್ದವು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಮೂಳೆ ವಿಭಾಗದಿಂದ ಕರೆ ಬಂದಾಗ, ಇನ್ನೊಂದು ಹಾಸಿಗೆ ಎಂದಷ್ಟೇ ಅನ್ನಿಸಿತು.

ಹುಲಿಗೆಮ್ಮನ ತೋಳಿನ ಸ್ನಾಯು ಕರಗಿ ಚರ್ಮ ಜೋತುಬಿದ್ದಿತ್ತು. ರಕ್ತದಲ್ಲಿ ಪ್ರೋಟೀನ್ ಕಡಿಮೆ ಇತ್ತು. ಬಡತನದ ಮನೆ ಇರಬೇಕು ಎಂದುಕೊಂಡೆ. ಆದರೆ ಪಕ್ಕದಲ್ಲಿ ನಿಂತಿದ್ದ ಗಂಡ ಅಂಬಣ್ಣ ನಿವೃತ್ತ ಮುಖ್ಯೋಪಾಧ್ಯಾಯರು. ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ ಓದಿ ಮೇಲೆ ಬಂದವರು.

“ತತ್ತಿ, ಹಾಲು ಏನರ ತಗೋತೀರೇನ್ರಿ?” ಎಂದು ಕೇಳಿದೆ.

“ವರ್ಷ ಆತ್ರಿ ಬಿಟ್ಟು,” ಎಂದರು ಅಂಬಣ್ಣ. “ಮೆಥಿಯೋನಿನ್ ಕಡಿಮಿ ಮಾಡಾಕತ್ತೀವಿ. ಆಯುಷ್ಯ ಹೆಚ್ಚಾಗ್ತದ.”

ಮೆಥಿಯೋನಿನ್ ಒಂದು ಅಮೈನೊ ಆಮ್ಲ, ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು. ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಮೊಟ್ಟೆ, ಮೀನು, ಮಾಂಸ, ಹಾಲು, ಎಳ್ಳಿನಿಂದ ಸಿಗುತ್ತದೆ. ಅದನ್ನು ಕಡಿಮೆ ಮಾಡಿದಾಗ ಪ್ರಯೋಗಾಲಯದ ಇಲಿಗಳು ಹೆಚ್ಚು ಕಾಲ ಬದುಕಿದ್ದು ನಿಜ. ಮನುಷ್ಯರ ಆಯುಷ್ಯವೂ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇನ್ನೂ ಇಲ್ಲ. ಅಂಬಣ್ಣ ಇಲಿಗಳ ಭಾಗವನ್ನಷ್ಟೇ ಮೊಬೈಲ್‌ನಲ್ಲಿ ನೋಡಿದ್ದರು. ಸಂತೆ ಮಾಡುವವರು ಅವರೇ ಆದ್ದರಿಂದ ಆ ಪದಾರ್ಥಗಳೆಲ್ಲ ಮನೆಗೆ ಬರುವುದು ನಿಂತಿತು. ಉಳಿದದ್ದು ಅನ್ನ, ತಿಳಿಸಾರು, ಕಾಯಿಪಲ್ಯ.

“ನಾನೂ ಅದನ್ನ ಉಣ್ತೀನ್ರಿ ಮೇಡಂ. ನನಗೇನಾಗೇದ ನೋಡ್ರಿ?”

ಏನೂ ಆಗಿರಲಿಲ್ಲ. ಊರಲ್ಲಿದ್ದಾಗ ಒಂದು ದಿನ ಬಾಯಿಗೆ ಹೋದದ್ದನ್ನೆಲ್ಲ ಹೇಳಿ ಎಂದೆ. ಎರಡು ಊಟ ಹೇಳಿ ನಿಲ್ಲಿಸಿದರು.

“ಬಸ್ ಸ್ಟ್ಯಾಂಡಿನಾಗ ಹಾಲಿನ ಚಾ ಯಾರು ಕುಡೀತಾರ?” ಹಾಸಿಗೆಯಿಂದ ಹುಲಿಗೆಮ್ಮ ಕೇಳಿದರು. “ಮಿರ್ಚಿ ಭಜಿ, ಮಂಡಕ್ಕಿ ಸುಸಲಾ? ಲಗ್ನದಾಗ ಮಟನ್ ಬಡದವ್ರು ಯಾರು?”

“ಅದು ಊಟ ಅಲ್ಲಲೇ! ದೋಸ್ತರು ಕರೀತಾರ, ಬ್ಯಾಡ ಅನ್ನಾಕ ಆಗ್ತದೇನು?”

ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕಡೆ ಗಂಡಸರಿಗೆ ಮನೆಯ ತಾಟಿನಲ್ಲಿ ಉಂಡದ್ದಷ್ಟೇ ಊಟ, ಹೊರಗಿನದು ಲೆಕ್ಕಕ್ಕಿಲ್ಲ. ಆ ಹೊರಗಿನದೇ ಅವರನ್ನು ಕಾಪಾಡಿತ್ತು. ಹುಲಿಗೆಮ್ಮ ಮನೆ ಬಿಟ್ಟು ಎಲ್ಲೂ ಉಣ್ಣುತ್ತಿರಲಿಲ್ಲ. ಪಥ್ಯ ಪೂರ್ತಿಯಾಗಿ ನಡೆದದ್ದು ಅವರೊಬ್ಬರ ಮೇಲೆ.

“ನಿಮಗಂತ ಬ್ಯಾರೆ ಮಾಡ್ಕೋಬೇಕಿತ್ತಲ್ಲರೀ?” ಎಂದೆ.

“ಇರೋರು ಇಬ್ಬರು. ಎರಡು ಅಡಗಿ ಮಾಡಿದ್ರ ಮಂದಿ ಗಂಡ ಹೆಂಡ್ತಿ ಬ್ಯಾರೆ ಆಗ್ಯಾರ ಅಂತಾರ, ಯವ್ವಾ.” ಆಮೇಲೆ ಗಂಡನ ಕಡೆ ತಿರುಗಿದರು. “ಹೊಟ್ಟಿ ಕಟ್ಟಿದ್ರ ಆಯುಷ್ಯ ಹೆಚ್ಚಾಗಂಗಿದ್ರ ನಮ್ಮವ್ವ ಇನ್ನಾ ಇರತಿದ್ಲು, ಮಾಸ್ತರ.”

ಅಂಬಣ್ಣ, ಬೇಯಿಸಿದ ತತ್ತಿ ಹತ್ತಿರದಲ್ಲಿ ಎಲ್ಲಿ ಸಿಗುತ್ತವೆ ಎಂದು ನನ್ನನ್ನು ಕೇಳಿದರು.

ಮೊಟ್ಟೆ, ಹಾಲು, ಗಟ್ಟಿ ಬೇಳೆ ಶುರುವಾದ ಮೇಲೆ ಗಾಯ ನಿಧಾನಕ್ಕೆ ಕೂಡಿತು. ಕರಗಿದ ಸ್ನಾಯು ಆ ವಯಸ್ಸಿನಲ್ಲಿ ಅಷ್ಟು ಸುಲಭವಾಗಿ ಮರಳುವುದಿಲ್ಲ. ಅಂದಿನಿಂದ ಯಾರಾದರೂ ತಮ್ಮ ಪಥ್ಯದ ಬಗ್ಗೆ ಹೇಳಿದರೆ, ಅದೇ ಅಡುಗೆಯನ್ನು ಮನೆಯಲ್ಲಿ ಮತ್ತೆ ಯಾರು ಉಣ್ಣುತ್ತಾರೆ ಎಂದೂ ಕೇಳುತ್ತೇನೆ. ಕೇಳಿ ಕೇಳಿ ಬಾಯಿ ಸೋತಿದೆ. ಬಹಳ ಸಲ ಉತ್ತರ ಒಂದೇ: ಹೆಂಡತಿ.

ಕಳೆದ ತಿಂಗಳು ಅಂಬಣ್ಣ ಫೋನ್ ಮಾಡಿದ್ದರು. ಹುಲಿಗೆಮ್ಮ ವಾಕರ್ ಹಿಡಿದು ಪಡಸಾಲೆಯವರೆಗೆ ಬರುತ್ತಾರಂತೆ. ಎಡಗಾಲಿನ ಮೇಲೆ ಇನ್ನೂ ಪೂರ್ತಿ ಭಾರ ಬಿಡುತ್ತಿಲ್ಲವಂತೆ.